ತವರುಗಾಳಿ

ಬೆಟ್ಟಗಳಿಗಿನ್ನೂ ಹೆಸರಿಡದಿದ್ದ ಕಾಲದಲ್ಲಿ, ಸಿರಿವಂತಿ ನದಿ ಹುಟ್ಟುವಲ್ಲಿ ಕೇದಗೆಪುರವೆಂಬ ರಾಜ್ಯವಿತ್ತು. ಅಲ್ಲಿನ ರಾಣಿ ಮಧುಮತಿಗೆ ಇಬ್ಬರು ಮಕ್ಕಳು. ಹಿರಿಯವಳು ಕುವಲಯೆ, ಕಿರಿಯವನು ಸುಕಂಠ. ಕುವಲಯೆಯನ್ನು ನದಿ ಕಡಲು ಸೇರುವ ಶಂಖದ್ವೀಪದ ಅರಸನಿಗೆ ಕೊಟ್ಟಿದ್ದರು.

ಆ ನದಿಯ ಎರಡೂ ದಡಗಳಲ್ಲಿ ದಾರಿಯಿಲ್ಲದ ಕಾಡು. ಹೋಗುವುದೂ ಬರುವುದೂ ನೀರಿನ ಮೇಲೆಯೇ. ದೋಣಿಗಳು ನೀರಿನ ಸೆಳೆತದಲ್ಲಿ ಇಳಿಯುತ್ತಿದ್ದವು, ಕಡಲಿನಿಂದ ಬೀಸುವ ಗಾಳಿಯಲ್ಲಿ ಏರುತ್ತಿದ್ದವು. ಕೊಟ್ಟ ಹೆಣ್ಣುಮಕ್ಕಳು ಊರಿಗೆ ಬರುತ್ತಿದ್ದುದು ಆ ಗಾಳಿಯ ಮೇಲೆಯೇ ಆದ್ದರಿಂದ ಜನ ಅದನ್ನು ತವರುಗಾಳಿ ಎನ್ನುತ್ತಿದ್ದರು.

ಕುವಲಯೆಯ ಮದುವೆಯಾದ ವರ್ಷ ತಾಮ್ರಜಟಿ ಎಂಬ ಮಾಂತ್ರಿಕ ಆ ಗಾಳಿಯನ್ನು ಹಿಡಿದು ಗಡಿಗೆಯಲ್ಲಿ ಮುಚ್ಚಿಟ್ಟ. ಇಳಿದ ದೋಣಿ ಏರಿ ಬರುವುದು ನಿಂತುಹೋಯಿತು. ಗಾಳಿ ಬಿಡು ಎಂದು ಕೇಳಲು ಹೋದವರು ಶಂಖದ್ವೀಪದ ಅಂಚಿನ ಅವನ ಗವಿಯ ಬಾಗಿಲಲ್ಲಿ ಕಲ್ಲಾಗಿ ನಿಂತರು.

ಹೀಗಿರಲು ಒಂದು ಗಿಣಿ ಹಾರಿಬಂದು ಸುದ್ದಿ ಹೇಳಿತು: ಕುವಲಯೆ ಬಸುರಿ, ಚೊಚ್ಚಲ ಬಾಣಂತನಕ್ಕೆ ತಾಯಿಯನ್ನು ನೆನೆದು ದಿನವೂ ಹೊಳೆಯ ಮೆಟ್ಟಿಲ ಮೇಲೆ ಕೂರುತ್ತಾಳೆ.

ಅಕ್ಕನನ್ನು ಕರೆತರುವುದು ತಮ್ಮನ ಕೆಲಸ, ಗಾಳಿಯ ಮಾತು ಅಲ್ಲಿಗೆ ಹೋದ ಮೇಲೆ ಎಂದು ಸುಕಂಠ ಎದ್ದ. ಗಟ್ಟಿ ದೋಣಿಗಳೆಲ್ಲ ಕೆಳಗೆ ಹೋಗಿ ಅಲ್ಲೇ ಉಳಿದಿದ್ದವು. ಉಳಿದದ್ದು ಅರಮನೆಯ ವಿಹಾರದೋಣಿ ಒಂದೇ. ಹಂಸದ ಆಕಾರ, ಚಿನ್ನದ ಬಣ್ಣ, ರೇಷ್ಮೆಯ ಹಾಸು. ಅದಕ್ಕೆ ಮಾತು ಬರುತ್ತಿತ್ತು, ಸ್ವಲ್ಪ ಹೆಚ್ಚೇ ಬರುತ್ತಿತ್ತು. ಎಲ್ಲರೂ ಅದನ್ನು ಹಂಸಕ್ಕ ಎಂದು ಕರೆಯುತ್ತಿದ್ದರು.

"ನಾನು ಹೂದೋಟದ ತಿರುವು ದಾಟಿದವಳಲ್ಲ," ಎಂದಳು ಹಂಸಕ್ಕ. "ಬಂಡೆ ತಾಕಿ ಬಣ್ಣ ಹೋದರೆ ನನ್ನನ್ನು ಯಾರು ಕೇಳುತ್ತಾರೆ?"

ಸುಕಂಠ ಅಕ್ಕನ ಹೆಸರೆತ್ತಿದ. ಹಂಸಕ್ಕ ಕೊರಳು ಬಾಗಿಸಿದಳು.

"ಹಲ್ಲು ಬರುವಾಗ ಅವಳು ಕಚ್ಚಿದ ಗುರುತು ಇನ್ನೂ ನನ್ನ ಕೊರಳ ಮೇಲಿದೆ. ಹತ್ತು, ಮಾರಾಯ. ಆ ಕೆಸರುಗಾಲು ಮಾತ್ರ ತೊಳೆದುಕೋ."

ರಾಣಿ ಮಗಳ ಬಯಕೆಗೆಂದು ಮೂರು ಕಂಚಿನ ಬಟ್ಟಲು ತುಂಬಿಕೊಟ್ಟಳು. ಒಂದರಲ್ಲಿ ಕೋಡುಬಳೆ, ಒಂದರಲ್ಲಿ ಎಳ್ಳುಂಡೆ, ಒಂದರಲ್ಲಿ ಹುಣಸೆ ತೊಕ್ಕು. ಮಗನ ತಲೆ ಸವರಿ, ಬಟ್ಟಲುಗಳನ್ನು ಮರೆತು ಬರಬೇಡ ಎಂದೂ ಸೇರಿಸಿದಳು.

ಮೊದಲು ಸಿಕ್ಕಿದ್ದು ಮೊಸಳೆಗಳ ಮಡು. ಮುದಿ ಮೊಸಳೆರಾಣಿ ಅಡ್ಡ ಮಲಗಿ, ಏನಾದರೂ ಕಟಕಟ ಅಗಿಯದೆ ದಾರಿ ಬಿಡೆನೆಂದಳು. ಹಂಸಕ್ಕ ತನ್ನ ಕೊರಳನ್ನು ಹಿಂದಕ್ಕೆ ಎಳೆದುಕೊಂಡಳು. ಸುಕಂಠ ಕೋಡುಬಳೆ ಕೊಟ್ಟ. ಮೊಸಳೆ ತಿಂದು ತೃಪ್ತಳಾಗಿ, ಬಟ್ಟಲಿನ ತುಂಬ ತಾವರೆಬೀಜ ಹಾಕಿ ಹಿಂದೆ ಕೊಟ್ಟಳು. ಬರಿ ಬಟ್ಟಲು ಕೊಡುವಷ್ಟು ಗತಿಗೆಟ್ಟವಳಲ್ಲ ತಾನು ಎಂದಳು.

ಎರಡನೆಯದು ಸುಳಿ. ಸುಳಿಯ ಬಾಯಲ್ಲಿ ಒಂದು ಬಿಳಿಯ ನೀರಾನೆ ಕುಳಿತು ಹೊಳೆಯನ್ನೇ ತಿರುಗಿಸುತ್ತಿತ್ತು. ಸುಕಂಠ ಎಳ್ಳುಂಡೆ ಕೊಟ್ಟ. ಆನೆ ತಿಂದು, ಬಟ್ಟಲಿಗೆ ಜೇನು ತುಂಬಿ, ದೋಣಿಯನ್ನು ಸೊಂಡಿಲಲ್ಲಿ ಎತ್ತಿ ಆಚೆ ಇಟ್ಟಿತು. ಇಡುವಾಗ ಬಂಡೆಗೆ ಉಜ್ಜಿ ಹಂಸಕ್ಕನ ಒಂದು ಮಗ್ಗುಲಿನ ಬಣ್ಣವೆಲ್ಲ ಹೋಯಿತು. ಅವಳು ಕಡಲು ಕಾಣುವವರೆಗೂ ಆ ಆನೆಯ ವಂಶವನ್ನೆಲ್ಲ ಬೈದಳು.

ಕುವಲಯೆ ಮೆಟ್ಟಿಲ ಮೇಲೆಯೇ ಇದ್ದಳು. ತಮ್ಮನನ್ನು ಅಪ್ಪಿ ಅತ್ತಳು, ಆಮೇಲೆ ಬಟ್ಟಲುಗಳನ್ನು ನೋಡಿದಳು.

"ಅಮ್ಮ ಕೋಡುಬಳೆ ಕಳಿಸದೆ ಇರುವವಳಲ್ಲ, ಎಲ್ಲವನ್ನೂ ನೀನೇ ಮುಗಿಸಿದೆಯಾ, ಹೊಟ್ಟೆಬಾಕ?"

ಸುಕಂಠ ನಡೆದುದನ್ನೆಲ್ಲ ಹೇಳಿದ. ಮೊಸಳೆ, ಆನೆ ಕೂಡ ಬಟ್ಟಲು ತುಂಬಿಸಿ ಕೊಟ್ಟ ಮಾತು ಕೇಳಿ ಕುವಲಯೆ ಯೋಚನೆಗೆ ಬಿದ್ದಳು. ಬಾಯಲ್ಲಿ ನೀರೂರುತ್ತಿದ್ದರೂ ತೊಕ್ಕಿನ ಬಟ್ಟಲನ್ನು ಹಾಗೆಯೇ ಮುಚ್ಚಿದಳು. ಗಾಳಿಯಿಲ್ಲದೆ ಊರಿಲ್ಲ, ಮಾಂತ್ರಿಕನ ಬಳಿಗೆ ತಾನೇ ಹೋಗುತ್ತೇನೆಂದಳು. ಅವಳ ಗಂಡ ಬೇಡವೆಂದ, ತಮ್ಮ ತಾನೇ ಹೋಗುತ್ತೇನೆಂದ. ಅವಳು ಕೇಳಲಿಲ್ಲ. ಬಟ್ಟಲು ಹಿಡಿದು ಗವಿಯ ಬಾಗಿಲಿಗೆ ಹೋದಳು. ಸುಕಂಠ ಹಿಂದೆಯೇ ನಡೆದ.

ತಾಮ್ರಜಟಿ ಕೆಂಪು ಜಡೆ ಹರಡಿ ಕುಳಿತಿದ್ದ. ಕಲ್ಲಾದವರು ಸಾಲಾಗಿ ನಿಂತಿದ್ದರು.

"ಗಾಳಿ ಕೇಳಲು ಬಂದೆಯಾ?"

"ಇಲ್ಲ ತಾತ," ಎಂದಳು ಕುವಲಯೆ. "ಅಮ್ಮ ತೊಕ್ಕು ಕಳಿಸಿದ್ದಾಳೆ. ಹಿರಿಯರಿಗೆ ಕೊಟ್ಟು ತಿನ್ನೋಣ ಅಂತ ತಂದೆ."

ಮಾಂತ್ರಿಕ ಮಂತ್ರದಿಂದ ಮೃಷ್ಟಾನ್ನ ತರಿಸಬಲ್ಲವನಾಗಿದ್ದ. ಆದರೆ ಮಾಯೆಯ ಊಟಕ್ಕೆ ರುಚಿಯಿರುವುದಿಲ್ಲ. ಅವನು ಬೆರಳದ್ದಿ ನೆಕ್ಕಿದ, ಕಣ್ಣು ಮುಚ್ಚಿದ, ಬಟ್ಟಲನ್ನು ಬಳಿದು ಮುಗಿಸಿದ. ಇನ್ನೂ ಇದೆಯೇ ಎಂದು ಕೇಳಿದ.

"ಅಮ್ಮನ ಭರಣಿಯಲ್ಲಿ ಬೇಕಾದಷ್ಟಿದೆ. ಆದರೆ ನಮ್ಮ ಕಡೆ ಬಟ್ಟಲು ಖಾಲಿ ಕಳಿಸುವುದಿಲ್ಲ ತಾತ. ಖಾಲಿ ಹೋದದ್ದು ಮತ್ತೆ ತುಂಬಿ ಬರುವುದಿಲ್ಲ."

ತಾಮ್ರಜಟಿ ನಕ್ಕು ಮುತ್ತು ಸುರಿದ. ಮುತ್ತುಗಳು ನೊರೆಯಂತೆ ಒಡೆದವು. ಚಿನ್ನ ಸುರಿದ. ಚಿನ್ನ ಮಂಜಾಗಿ ಹೋಯಿತು. ಮಾಯೆಯದು ಯಾವುದೂ ತಾಯಿಯ ಪಾತ್ರೆಯಲ್ಲಿ ನಿಲ್ಲಲಿಲ್ಲ. ಆ ಗವಿಯಲ್ಲಿ ನಿಜವಾಗಿ ಇದ್ದದ್ದು ಕದ್ದ ಗಾಳಿ ಒಂದೇ.

"ಒಂದು ಚಿಟಿಕೆ ಸಾಕಲ್ಲವೇ?" ಎಂದ ಮಾಂತ್ರಿಕ.

"ಚಿಟಿಕೆ ಸಕ್ಕರೆ ಹಾಕಿ ಕಳಿಸುವವರೂ ಇದ್ದಾರೆ ತಾತ, ಸಾಕು."

ಅವನು ಗಡಿಗೆಯ ಮುಚ್ಚಳವನ್ನು ಕೂದಲೆಳೆಯಷ್ಟು ಸರಿಸಿದ. ಒಂದು ಎಳೆ ಗಾಳಿ ಹೊರಬಂದು ಬಾಗಿಲಲ್ಲಿ ನಿಂತ ಬಸುರಿಯನ್ನು ಕಂಡಿತು. ಅದಕ್ಕೆ ತನ್ನ ಕೆಲಸ ನೆನಪಾಯಿತು. ಒಳಗಿದ್ದ ಗಾಳಿಯೆಲ್ಲ ಒಮ್ಮೆಲೇ ಎದ್ದಿತು, ಗಡಿಗೆ ಸಿಡಿಯಿತು. ಮಾಂತ್ರಿಕನ ಶಕ್ತಿ ಇದ್ದದ್ದು ಆ ಗಡಿಗೆಯಲ್ಲಿ. ಕಲ್ಲಾದವರು ಮೈಮುರಿದು ಎದ್ದರು. ತಾಮ್ರಜಟಿ ಬರಿಯ ಮುದುಕನಾಗಿ ಉಳಿದ.

"ಇನ್ನು ನನಗೆ ತೊಕ್ಕು ಕಳಿಸುವುದಿಲ್ಲ, ಅಲ್ಲವೇ?" ಎಂದ.

"ಬಟ್ಟಲು ತುಂಬಿಸಿ ಕೊಟ್ಟಿದ್ದೀರಲ್ಲ," ಎಂದಳು ಕುವಲಯೆ. "ಕಳಿಸದೆ ಇರುತ್ತೇವೆಯೇ?"

ತವರುಗಾಳಿ ಬೀಸಿತು. ಹಂಸಕ್ಕ ರೆಕ್ಕೆಯ ಹಾಯಿ ಬಿಚ್ಚಿದಳು. ದಾರಿಯುದ್ದಕ್ಕೂ ಕುವಲಯೆ ರೇಷ್ಮೆಯ ಹಾಸಿನ ಮೇಲೆ ಒರಗಿ ಜೇನಿನಲ್ಲಿ ತಾವರೆಬೀಜ ಅದ್ದಿ ತಿಂದಳು. ಅವಳ ಹಿಂದೆ ಎಷ್ಟೋ ದೋಣಿಗಳು, ಅವುಗಳಲ್ಲಿ ಎಷ್ಟೋ ಮನೆಗಳ ಹೆಣ್ಣುಮಕ್ಕಳು.

ರಾಣಿ ಹೊಳೆಗೆ ಇಳಿದು ಬಂದು ಮಗಳನ್ನು ತಬ್ಬಿದಳು. ಮೂರು ಬಟ್ಟಲೂ ಬಂದವೇ ಎಂದು ಆಮೇಲೆ ಕೇಳಿದಳು. ಕುವಲಯೆಗೆ ಹೆಣ್ಣುಮಗು ಹುಟ್ಟಿತು. ವರ್ಷವರ್ಷ ಗವಿಗೆ ತೊಕ್ಕು ಹೋಯಿತು, ಮುದುಕನೇ ಆಯ್ದ ಶಂಖ ತುಂಬಿಕೊಂಡು ಬಟ್ಟಲು ಬಂತು.

ಹಂಸಕ್ಕನಿಗೆ ಹೊಸ ಬಣ್ಣ ಬಳಿಯಲು ಚಿತ್ರಗಾರರು ಬಂದಾಗ ಅವಳು ಮೈಯೆಲ್ಲ ಒಡ್ಡಿದಳು, ಕೊರಳನ್ನು ಮಾತ್ರ ಮುಟ್ಟಗೊಡಲಿಲ್ಲ. ಅಲ್ಲಿ ಹಳೆಯ ಗುರುತಿನ ಪಕ್ಕದಲ್ಲೇ ಇನ್ನೊಂದು ಪುಟ್ಟ ಹಲ್ಲಿನ ಗುರುತು ಮೂಡಿತ್ತು.