ಒಲೆಯಲ್ಲೇ ಆರಿದ ಪಿನ್ನು

"ಭಾವಾ... ಆಚೆ ಬನ್ನಿ!"

ಕೇಳಿಸಲಿಲ್ಲ. ಕ್ರೇನಿನ ಆ ಗದ್ದಲದಲ್ಲಿ ಹೇಗೆ ಕೇಳಿಸೀತು, ನೀವೇ ಹೇಳಿ! ಜೀಪಿನಷ್ಟು ದೊಡ್ಡ ಮೆಷಿನ್ನು ಮೇಲೆ ತೂಗುತ್ತಿತ್ತು. ಅದರ ಕೆಳಗೆ ನನ್ನ ಅಕ್ಕನ ಗಂಡ, ಕ್ರೇನಿನವನಿಗೆ ಕೈಸನ್ನೆ ಮಾಡುತ್ತ ನಿಂತಿದ್ದರು.

ಅಷ್ಟು ಭಾರ ಹಿಡಿದಿದ್ದದ್ದು ಎರಡು ಬೆರಳು ದಪ್ಪದ ಒಂದೇ ಒಂದು ಸ್ಟೀಲ್ ಪಿನ್ನು.

ಅದರ ಜೋಡಿ ನಿನ್ನೆ ಮುರಿದಿತ್ತು. ಯಾಕೆ ಮುರಿಯಿತು ಅಂತ ಪತ್ತೆ ಹಚ್ಚುವುದೇ ನನ್ನ ಕೆಲಸ.

ಓಡಿದೆ. ಸೆಕ್ಯುರಿಟಿಯವನು ಕಾಲರ್ ಹಿಡಿದ. ಶರ್ಟನ್ನೇ ಅವನ ಕೈಗೆ ಬಿಟ್ಟು ಓಡಿದೆ! ಕ್ರೇನಿನ ಕೆಳಗೆ ಯಾರೂ ಹೋಗದ ಹಾಗೆ ಎಳೆದಿದ್ದ ಹಳದಿ ಗೆರೆಯ ಹತ್ತಿರ ಮ್ಯಾನೇಜರ್ ಅಡ್ಡ ಬಂದ.

"ಏನ್ರೀ ಇದು ಅವತಾರ?"

"ಕ್ರೇನ್ ನಿಲ್ಲಿಸಿ ಸಾರ್! ಪಿನ್ನು ಮುರಿಯುತ್ತೆ!"

"ಗಡಸುತನ ಚೆಕ್ ಮಾಡ್ಸಿದೀವಿ. ಪಾಸ್."

ಬೆಳಗ್ಗೆಯಿಂದ ಇದೇ ರಾಗ!

"ಗಾಜೂ ಗಡಸೇ! ಬೀಳಿಸಿ ನೋಡಿ!"

ಪಿನ್ನು ಕಾಯಿಸುವ ಒಲೆಯವನು ಮ್ಯಾನೇಜರ್ ಬೆನ್ನ ಹಿಂದೆ ಅಡಗಿದ್ದ. ಅವನನ್ನೇ ಕೇಳಿದೆ.

"ಗಡಸು ಮಾಡಿದ್ಮೇಲೆ ಎರಡನೇ ಸಲ ಕಾಯಿಸ್ತೀಯಲ್ಲ, ಆಗ ತೆಗೆದು ನೀರಿಗೆ ಹಾಕಿದ್ಯಾ?"

"ಇಲ್ಲಣ್ಣ... ಬಿರುಕು ಬಿಟ್ಟಾವು ಅಂತ ಒಲೆ ಆಫ್ ಮಾಡಿ ಒಳಗೇ ಬಿಟ್ಟೆ. ನಿಧಾನಕ್ಕೆ ಆರ್ಲಿ ಅಂತ..."

ಮುತುವರ್ಜಿ ನೋಡಿ!

"ಸಾರ್, ಸ್ಟೀಲ್ ಅಂದ್ರೆ ಒಂದಕ್ಕೊಂದು ಅಂಟಿದ ಕಾಳುಗಳು. ಒಳಗೆ ಚೂರೇ ಚೂರು ರಂಜಕ, ಅದೇ ಫಾಸ್ಫರಸ್, ಇರುತ್ತೆ. ನಿಧಾನಕ್ಕೆ ಆರಿದ್ರೆ ಅದು ಕಾಳುಗಳ ಸಂದಿಗೆ ಬಂದು ಕೂರುತ್ತೆ. ಅಂಟು ಸಡಿಲ! ಗಡಸುತನ ಹಾಗೇ ಇರುತ್ತೆ... ಏಟು ಬಿದ್ರೆ ಮಾತ್ರ ಪಟ್!"

"ಥಿಯರಿ ಬೇಡ ರೀ."

ಸರಿ. ಬೇಡ.

ಬೆಂಚಿನ ಮೇಲೆ ಅದೇ ಒಲೆಯ ಇನ್ನೊಂದು ಪಿನ್ನು ಬಿದ್ದಿತ್ತು. ಬೆಂಚಿನ ವೈಸ್‌ನ ಕಬ್ಬಿಣದ ದವಡೆಗೆ ಕಚ್ಚಿಸಿದೆ. ದೊಡ್ಡ ಸುತ್ತಿಗೆ ಎತ್ತಿ ಬೀಸಿದೆ.

ಠಣ್!

ಬಾಗಲೇ ಇಲ್ಲ. ಎರಡು ತುಂಡು! ಮುರಿದ ಜಾಗ ಉಪ್ಪಿನ ಹರಳಿನ ಹಾಗೆ ಮಿನುಗಿತು.

ಆ ಸದ್ದಿಗೆ ಭಾವ ತಿರುಗಿದರು. ನನ್ನ ಬನಿಯನ್ ನೋಡಿದರು. ಸನ್ನೆ ಬಿಟ್ಟು ದಾಪುಗಾಲು ಹಾಕುತ್ತ ಬೈಯೋಕೆ ಬಂದರು.

"ಏನೋ ಇದು, ಮಾನ ಮರ್ಯಾದೆ ಇಲ್ವಾ? ನಿಮ್ಮಕ್ಕ ನೋಡಿದ್ರೆ..."

ಹಳದಿ ಗೆರೆ ದಾಟಿ ಈಚೆ ಬಂದರು.

ಸನ್ನೆ ಕಾಣದೆ ಕ್ರೇನಿನವನು ಬ್ರೇಕ್ ಹಾಕಿದ. ಒಂದೇ ಒಂದು ಜಗ್ಗು...

ಪಟ್!

ಭಾವ ನಿಂತಿದ್ದ ಜಾಗದಲ್ಲಿ ಮೆಷಿನ್ನು ಕೂತಿತ್ತು. ನೆಲ ನಡುಗಿತು. ಭಾವ ನನ್ನ ತೋಳು ಹಿಡಿದುಕೊಂಡರು.

ಧೂಳು ಇಳಿಯಿತು. ಮ್ಯಾನೇಜರ್ ಬಗ್ಗಿ ಪಿನ್ನಿನ ತುಂಡು ಎತ್ತಿಕೊಂಡ. ತಿರುಗಿಸಿ ತಿರುಗಿಸಿ ನೋಡಿದ.

"ಇದರ ಗಡಸುತನ ಇನ್ನೊಂದ್ಸಲ ಚೆಕ್ ಮಾಡ್ಸೋಣ್ವಾ?"

ಸುತ್ತಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು.