ಲಕೋಟೆಯಲ್ಲಿದ್ದ ಖಾಲಿ ಹಾಳೆಗಳು

ಅರಗಿನ ಮುದ್ರೆ ಒಡೆದು ಲಕೋಟೆ ತೆರೆದರೆ ಒಳಗಿದ್ದದ್ದು ಮೂರು ಖಾಲಿ ಹಾಳೆ. ಸಾರಿಗೆ ಸಮಿತಿಯ ಅಧ್ಯಕ್ಷರು ಅವನ್ನು ತಿರುವಿ ತಿರುವಿ ಸಭೆಗೆ ತೋರಿಸಿದರು. ಅತ್ತೆಯನ್ನು ಸಭೆಗೆ ಕರೆತಂದು ಬಾಗಿಲ ಬಳಿ ನಿಂತಿದ್ದ ಬಸ್ ಚಾಲಕ ಎರಡು ಹೆಜ್ಜೆ ಒಳಗೆ ಬಂದ. ದಿನಾ ಶಾಲೆಯ ನಲವತ್ತು ಮಕ್ಕಳನ್ನು ಕೂರಿಸಿಕೊಂಡು ಹಳೆಯ ಸೇತುವೆ ದಾಟುವವನು ಅವನು. ಆ ಸೇತುವೆ ಎಷ್ಟು ಗಟ್ಟಿ ಎಂಬ ತಪಾಸಣಾ ವರದಿ ಅದೇ ಲಕೋಟೆಯಲ್ಲಿರಬೇಕಿತ್ತು.

ಕೇಂದ್ರ ಸರ್ಕಾರ ಖರ್ಚಿನ ಹತ್ತರಲ್ಲಿ ಎಂಟು ಪಾಲು ಕೊಡುತ್ತದೆ, ನಿಜ. ಆದರೆ ಊರಿನ ಸಮಿತಿ ಪಟ್ಟಿಯ ತಲೆಗೆ ಬರೆದ ಕಾಮಗಾರಿಗೆ ಮಾತ್ರ. ಮೂಲ ವರದಿಯಿಲ್ಲದೆ ಸೇತುವೆಯ ಹೆಸರು ಬರೆಯುವಂತಿಲ್ಲ. ಆಗ ಮೊದಲ ಸ್ಥಾನ ವರ್ತುಲ ರಸ್ತೆಗೆ. ಪಟ್ಟಿ ಸಂಜೆ ಐದಕ್ಕೆ ಹೊರಡಬೇಕು, ತಪ್ಪಿದರೆ ಇನ್ನು ನಾಲ್ಕು ವರ್ಷ. ವರದಿ ಬರೆದ ಇಂಜಿನಿಯರಮ್ಮನನ್ನು ಕೇಳೋಣವೆಂದರೆ, ಸೋಮವಾರ ಲಕೋಟೆಯನ್ನು ಕಚೇರಿಯ ಪೆಟ್ಟಿಗೆಗೆ ಹಾಕಿದವರು ಮೆಟ್ಟಿಲಿಂದ ಉರುಳಿಬಿದ್ದು ನಾಲ್ಕು ದಿನದಿಂದ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದರು.

"ಪೆಟ್ಟಿಗೆ ಬೀಗದಕೈ ಯಾರ ಹತ್ರ ಇದೆ?" ಎಂದು ಕೇಳಿದವರು ಚಾಲಕನ ಅತ್ತೆ. ಇದೇ ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷ ಧೂಳು ಕುಡಿದು ನಿವೃತ್ತರಾಗಿ, ಈಗ ಸಮಿತಿಯ ಸದಸ್ಯರಾದವರು. ಕಳವು ಹಿಡಿಯುವುದರಲ್ಲಿ ಎತ್ತಿದ ಕೈ. ಊರು ಇಟ್ಟ ಹೆಸರು ಭೂತಗನ್ನಡಿ. ಅಳಿಯನಿಗೆ ಅವರ ಮೇಲೆ ಭಕ್ತಿ, ಜೊತೆಗೆ ಒಂದಿಷ್ಟು ದಿಗಿಲು.

"ಒಂದು ನನ್ನ ಹತ್ರ, ಒಂದು ನಕ್ಷೆಗಾರನ ಹತ್ರ," ಎಂದ ಕಾರ್ಯದರ್ಶಿ. "ಗಾಬರಿ ಯಾಕಮ್ಮ? ಸೇತುವೆ ಕಲ್ಲುಗುಂಡಿನ ಹಾಗಿದೆ."

"ನನ್ನಾಣೆ, ನಾನು ಮುಟ್ಟಿಲ್ಲ," ಎಂದು ನಕ್ಷೆಗಾರ ಬೆವರೊರೆಸಿಕೊಂಡ.

ಅತ್ತೆ ಅಳಿಯನನ್ನು ಹೊರಗೆ ಕರೆದರು. "ಅಳಿಯಂದ್ರೇ, ಇವರಿಬ್ರೂ ನಿಮ್ಮ ಬಸ್ಸಲ್ಲೇ ತಾನೇ ಬರೋದು?"

"ನಕ್ಷೆಗಾರ ಇವತ್ತೂ ಗೊರಕೆ ಹೊಡೀತಾ ಬಂದ. ಕಾರ್ಯದರ್ಶಿಗಳು ಮಂಗಳವಾರದಿಂದ ಸೇತುವೆಗೆ ಮುಂಚಿನ ಸ್ಟಾಪಲ್ಲೇ ಇಳೀತಾರೆ. ಡಾಕ್ಟ್ರು ನಡೀರಿ ಅಂದ್ರಂತೆ."

"ಇಳಿದು ಎತ್ತ ಹೋಗ್ತಾರೆ?"

"ಹೊಳೆ ದಾಟೋ ದೋಣಿ ಕಡೆಗೆ..." ಎಂದವನು ತನ್ನ ಮಾತಿಗೆ ತಾನೇ ಬೆಚ್ಚಿಬಿದ್ದ.

"ಸೇತುವೆ ಕಣ್ಣಾರೆ ನೋಡೋಣ ಅಂತ ಹೇಳಿ ಸಭೆಯವರನ್ನೆಲ್ಲ ಬಸ್ಸಿಗೆ ಹತ್ತಿಸಿ. ಸೇತುವೆ ಬಾಯಿಗೆ ಬಂದಾಗ ನಿಮ್ಮ ಹೆಗಲು ಒತ್ತುತೀನಿ, ತಕ್ಷಣ ನಿಲ್ಲಿಸಿ. ಯಾರಿಗೂ ಹೇಳಬೇಡಿ."

ಬಸ್ಸು ಇಳಿಜಾರಿಗೆ ತಿರುಗಿತು. ಚಾಲಕ ಗೇರು ಇಳಿಸಿದ. ಅತ್ತೆ ಅವನ ಹೆಗಲ ಮೇಲೆ ಕೈಯಿಟ್ಟು ಹಿಂದೆ ತಿರುಗಿದರು.

"ವರದಿಯಲ್ಲಿ ಏನಿದೆ ಅಂತ ಗೊತ್ತಿಲ್ಲದವರು ಧೈರ್ಯವಾಗಿ ದಾಟ್ತಿದ್ದಾರೆ. ನಕ್ಷೆಗಾರ ನಿದ್ದೆಗಣ್ಣಲ್ಲಿ ದಾಟಿದ್ದಾನೆ. ಅಧ್ಯಕ್ಷರ ಕಾರು ಇವತ್ತೂ ದಾಟಿ ಬಂತು. ಬೀಗದಕೈ ಇರೋ ಒಬ್ರು ಮಾತ್ರ ಮಂಗಳವಾರದಿಂದ ದೋಣಿ ಹಿಡಿದಿದ್ದಾರೆ. ಸೋಮವಾರ ಓದಿದವರಿಗೆ ತಾನೇ ಮಂಗಳವಾರ ಭಯ?"

"ಇದೆಲ್ಲ ಬರೀ ಊಹೆ!" ಎಂದ ಕಾರ್ಯದರ್ಶಿ.

"ಹೌದಪ್ಪ, ಊಹೆನೇ. ಅದಕ್ಕೇ ದಾಟಿ ನೋಡೋಣ ಅಂತ ಹೊರಟಿದ್ದು."

ಸೇತುವೆ ಹತ್ತಿರವಾಯಿತು. ಐವತ್ತು ಮಾರು, ಇಪ್ಪತ್ತು ಮಾರು.

"ನಿಲ್ಲಿಸಯ್ಯಾ!" ಕಾರ್ಯದರ್ಶಿ ಸೀಟಿನಿಂದ ಎದ್ದು ಕಿರುಚಿದ. "ಮಧ್ಯದ ಕಂಬ ಸೀಳಿದೆ! ಯಾವ ಗಳಿಗೇಲಾದ್ರೂ ಕುಸೀತದೆ!"

ಅತ್ತೆಯ ಕೈ ಹೆಗಲೊತ್ತಿತು. ಬ್ರೇಕು ಬಿತ್ತು.

ಆಮೇಲೆ ಎಲ್ಲವೂ ಹೊರಬಂತು. ವರ್ತುಲ ರಸ್ತೆಯ ಪಕ್ಕದಲ್ಲಿ ಕಾರ್ಯದರ್ಶಿಯ ಭಾವಮೈದುನನ ಜಮೀನಿತ್ತು. ನಾಳೆಯೇ ಸೇತುವೆ ಮುಚ್ಚಿಸುತ್ತೇನೆಂದು ಹೊರಟ ಇಂಜಿನಿಯರಮ್ಮನನ್ನು ಮೆಟ್ಟಿಲಲ್ಲಿ ತಡೆದು ತಳ್ಳಿದ್ದ. ಪೆಟ್ಟಿಗೆ ತೆಗೆದು, ವರದಿ ಓದಿ, ಲಕೋಟೆಗೆ ಖಾಲಿ ಹಾಳೆ ತುಂಬಿ, ಕಚೇರಿಯದೇ ಮುದ್ರೆಯೊತ್ತಿದ್ದ. ಹರಿದು ಹಾಕಲು ಕೈ ಬಾರದೆ ವರದಿಯನ್ನು ಆಚೆ ದಡದ ಮನೆಯ ಬೀರುವಿನಲ್ಲಿಟ್ಟಿದ್ದ. ಅಧ್ಯಕ್ಷರು ಪೊಲೀಸರಿಗೆ ಫೋನು ಮಾಡಿ, ವರದಿ ತರಲು ನಕ್ಷೆಗಾರನನ್ನು ದೋಣಿಗೆ ಓಡಿಸಿದರು. ಐದಕ್ಕೆ ಇನ್ನೂ ಎರಡು ಗಂಟೆಯಿತ್ತು.

ಚಾಲಕ ಎದ್ದು ಕಾರ್ಯದರ್ಶಿಯ ಮುಂದೆ ನಿಂತ.

"ನೀವು ಇಳ್ಕೊಂಡ್ರಿ. ಹಿಂದೆ ನಲವತ್ತು ಮಕ್ಕಳು ಕೂತಿದ್ರು, ನನ್ನ ಮಗಳೂ ಇದ್ಲು. ದಿನಾ ಇಳಿಯುವಾಗ ನನಗೇನಂದ್ರಿ ನೆನಪಿದ್ಯಾ? 'ಹುಷಾರಾಗಿ ಹೋಗಪ್ಪ' ಅಂದ್ರಿ."

ಚಾಲಕ ಮತ್ತೆ ಸ್ಟಿಯರಿಂಗ್ ಹಿಡಿದು, ಒಂದು ಸೈಕಲ್ಲೂ ನುಸುಳದಂತೆ ಬಸ್ಸನ್ನು ರಸ್ತೆಗೆ ಅಡ್ಡ ನಿಲ್ಲಿಸಿದ.