ಮೂಲೆಮಟ್ಟದ ಎರಡು ಗೆರೆ

“ಇದು ಯಾಕ ಕುಂಡ್ರವಲ್ದು?”

ಮಧುಮತಿ ಯಾರನ್ನೂ ಕೇಳಿದ್ದಲ್ಲ. ಮಗ್ಗದ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವಳೊಬ್ಬಳೇ ಇದ್ದಳು. ಎದುರಿಗೆ ಅವಳೇ ಮಾಡಿದ ಚೌಕಟ್ಟು. ಗಾಜಿನ ಈ ಮೂಲೆ ಒತ್ತಿದರೆ ಆ ಮೂಲೆ ಏಳುತ್ತಿತ್ತು.

ನಾಳೆ ಶಾಲೆಯಲ್ಲಿ ಪ್ರದರ್ಶನ. ಬನಹಟ್ಟಿಯ ಸೀರೆಗಳ ಅಂಚಿನ ತುಣುಕುಗಳನ್ನು ಗಾಜಿನ ಕೆಳಗಿಟ್ಟು ತೋರಿಸುತ್ತೇವೆಂದು ಅವಳೂ ಗೆಳತಿ ವಿಜಯಾಳೂ ಹೆಸರು ಕೊಟ್ಟಿದ್ದರು. ತುಣುಕು ಅಂಟಿಸುವುದು ವಿಜಯಾಳ ಕೆಲಸ, ಚೌಕಟ್ಟು ಮಧುಮತಿಯದು.

ಕರೆಂಟ್ ಹೋಯಿತು. ಮಗ್ಗಗಳ ಸದ್ದು ನಿಂತಿತು. ಮಗ್ಗ ಬಿಟ್ಟೆದ್ದ ಅವಳ ಅಜ್ಜ, ಮುತ್ಯಾ ಮಲಕಾಜಪ್ಪ, ಕೈ ಒರೆಸಿಕೊಳ್ಳುತ್ತ ಶೆಡ್ಡಿಗೆ ಬಂದ.

“ಮೂಲಿ ಎದರ್ಲೆ ಗುರ್ತ ಮಾಡಿದಿ?”

“ನಾನ ಮಾಡಿದ ಮೂಲಿಮಟ್ಟದ್ಲೆ!”

ಸಾಗುವಾನಿಯ ದಪ್ಪ ಪಟ್ಟಿಯ ತುದಿ ಸೀಳಿ, ಅದರಲ್ಲಿ ತೆಳು ಪಟ್ಟಿಯನ್ನು ಲಂಬಕೋನಕ್ಕೆ ತೂರಿಸಿ, ಅಂಟು ಹಾಕಿ, ಮೇಲೆ ಕಲ್ಲು ಹೇರಿ ಒಣಗಿಸಿದ್ದಳು. ಮುತ್ಯಾ ಅದನ್ನು ತಿರುಗಿಸಿ ನೋಡಿದ.

“ಛಲೋ ಮಾಡಿದಿ. ಹಲಗಿ ತಾ.”

ದಪ್ಪ ಪಟ್ಟಿಯನ್ನು ಹಲಗೆಯ ಅಂಚಿಗೆ ಒತ್ತಿಟ್ಟು, ತೆಳು ಪಟ್ಟಿಯ ಗುಂಟ ಒಂದು ಗೆರೆ ಎಳೆದ. ಮೂಲೆಮಟ್ಟವನ್ನು ಮಗುಚಿ, ಅದೇ ಚುಕ್ಕೆಯಿಂದ ಇನ್ನೊಂದು ಗೆರೆ ಎಳೆದ. ಮೂಲೆ ನೆಟ್ಟಗಿದ್ದರೆ ಒಂದರ ಮೇಲೊಂದು ಕೂರಬೇಕಿದ್ದ ಗೆರೆಗಳು ಕತ್ತರಿಯ ಬಾಯಿಯಂತೆ ಅಗಲಿದವು.

“ಎದರ ಮ್ಯಾಲಿಟ್ಟು ಕೂಡಿಸಿದಿ ಬೇ?”

“ಸೀರಿ ಮೂಲಿ ಮ್ಯಾಲೆ. ಹಾಸು ಉದ್ದಕ್ಕ, ಹೊಕ್ಕು ಅಡ್ಡಕ್ಕ. ನೆಟ್ಟಗ ಇರಬೇಕಲ್ಲ ಮುತ್ಯಾ?”

ಮುತ್ಯಾ ನಕ್ಕುಬಿಟ್ಟ. “ನೇಕಾರರ ಮನಿ ಬುದ್ಧಿ ನೋಡು! ಮಗ್ಗದ ಮ್ಯಾಲಿದ್ದಾಗ ನೆಟ್ಟಗ ಇರತೈತಿ. ಕೊಯ್ದು ಇಳಿಸಿದ ಮ್ಯಾಲೆ ಹೆಂಗ ಜಗ್ಗತಿ ಹಂಗ ಬರತೈತಿ.”

ಮಧುಮತಿ ಸೀರೆಯ ಮೂಲೆಯನ್ನು ಬಿಗಿಯಾಗಿ ಜಗ್ಗಿಯೇ ಹಾಸಿದ್ದಳು.

“ತೆಳು ಪಟ್ಟಿ ಅಂಚು ಕಾನಸ್ಲೆ ತಿಕ್ಕು. ಎರಡೂ ಗೆರಿ ಒಂದ ಆಗೂತನಾ ತಿಕ್ಕು.”

ಕರೆಂಟ್ ಬಂತು. ಮುತ್ಯಾ ಒಳಗೆ ಹೋದ. ಉಳಿದ ಕಟ್ಟಿಗೆ ಒಂದೇ ಚೌಕಟ್ಟಿಗೆ ಸಾಲುವಷ್ಟಿತ್ತು.

ಅವಳು ಕಾನಸಿನ ಕಬ್ಬಿಣದ ಹಲ್ಲುಗಳಿಂದ ಅಂಚು ತಿಕ್ಕಿದಳು. ಗೆರೆ ಎಳೆದಳು, ಮಗುಚಿ ಎಳೆದಳು. ಕತ್ತರಿಯ ಬಾಯಿ ಕಿರಿದಾಯಿತು. ಮತ್ತೆ ತಿಕ್ಕಿದಳು. ಮೂಗಿನ ಮೇಲೆಲ್ಲ ಕಟ್ಟಿಗೆಯ ಪುಡಿ.

ಅಷ್ಟರಲ್ಲಿ ವಿಜಯಾ ಓಡಿ ಬಂದಳು.

“ಇನ್ನೂ ಆಗಿಲ್ಲೇನ? ನಾ ಎಲ್ಲಾ ಅಂಟಿಸಿ ಕುಂತೇನಿ!”

“ತಡಿ. ಮೂಲಿಮಟ್ಟ ಇನ್ನೂ ಸೊಟ್ಟ ಐತಿ.”

ವಿಜಯಾ ಬಗ್ಗಿ ಹಲಗೆ ನೋಡಿದಳು. “ಎಲ್ಲಿ? ಒಂದ ಗೆರಿ ಐತಲ್ಲ.”

“ಮ್ಯಾಲಿನ ತುದಿ ನೋಡು.”

“ಅಷ್ಟನ? ಒಂದ ಎಳಿ ದಾರದಷ್ಟು! ಟೀಚರ್ ಏನ್ ಭೂತಗನ್ನಡಿ ಹಿಡ್ಕೊಂಡು ಬರ್ತಾರೇನು?”

“ಗಾಜಿಗೆ ಗೊತ್ತಾಗತೈತಿ,” ಎಂದಳು ಮಧುಮತಿ.

ವಿಜಯಾಳಿಗೆ ಸಿಟ್ಟು ಬಂತು. “ಹೊತ್ತು ಮುಳಗಾಕತ್ತೈತಿ. ಕೊಡಿಲ್ಲಿ, ಉಳಿದ ಕಟಿಗಿಗೆ ನಾನ ಗುರ್ತ ಹಾಕ್ತೇನಿ. ಕೊಡಲಿಲ್ಲಂದ್ರ ನಾಳಿಂದ ನಿನ್ನ ಕೂಡ ಟೂ!”

ಮಧುಮತಿ ಗೋಡೆಗೆ ಒರಗಿಸಿದ್ದ ಗಾಜನ್ನು ನೋಡಿದಳು. ಆಮೇಲೆ ಗೆಳತಿಯ ಮುಖ ನೋಡಿದಳು. ವಿಜಯಾಳ ಬೆರಳುಗಳಲ್ಲಿ ಗಮ್ಮು ಒಣಗಿ ಬಿಳಿಯ ಪೊರೆಯಾಗಿತ್ತು. ಚಾಚಿದ ಕೈ ಹಾಗೇ ಇತ್ತು.

ಮಧುಮತಿ ಮೂಲೆಮಟ್ಟವನ್ನು ಮಡಿಲಿಗೆ ಎಳೆದುಕೊಂಡು, ಕಾನಸು ಎತ್ತಿಕೊಂಡಳು.

“ಕೊಡಂಗಿಲ್ಲ,” ಎಂದಳು.